ವೈದ್ಯರ ಸಾಲವನ್ನು ಸರ್ಕಾರ ತೀರಿಸಲಿ, ಅವರು ನಮ್ಮ ಹಳ್ಳಿಗಳಲ್ಲಿ ಉಳಿಯಲಿ

ಮಾನ್ಯ ಸಂಪಾದಕರೇ,

ದಕ್ಷಿಣ ಕೊಡಗಿನ ಉಪಕೇಂದ್ರಗಳಲ್ಲಿ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತೊಂದು ವರ್ಷ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಈ ಮೂರು ದಶಕಗಳಲ್ಲಿ ನಮ್ಮ ಕೇಂದ್ರಗಳಿಗೆ ಹೊಸ ಕಟ್ಟಡ ಬಂತು, ಫ್ರಿಜ್ ಬಂತು, ಗಣಕಯಂತ್ರ ಬಂತು, 2008ರಿಂದ 108 ಆಂಬುಲೆನ್ಸ್ ಕೂಡ ಬಂತು. ಬಂದು ನಿಲ್ಲದೇ ಹೋದದ್ದು ಒಂದೇ, ವೈದ್ಯರು. ಅವರನ್ನು ಕಾನೂನಿನ ಬಲದಿಂದ ಒಂದು ವರ್ಷ ಕೂರಿಸುವುದಕ್ಕಿಂತ, ದುರ್ಗಮ ಹಳ್ಳಿಯಲ್ಲಿ ಐದು ವರ್ಷ ಇರಲು ಒಪ್ಪುವ ವೈದ್ಯರ ಶಿಕ್ಷಣ ಸಾಲವನ್ನು ರಾಜ್ಯ ಸರ್ಕಾರವೇ ಹಂತಹಂತವಾಗಿ ತೀರಿಸಿಕೊಡುವುದು ಹೆಚ್ಚು ನ್ಯಾಯವಾದ, ಹೆಚ್ಚು ಫಲ ಕೊಡುವ ದಾರಿ ಎಂಬುದು ನನ್ನ ಅನುಭವದಿಂದ ಮೂಡಿದ ಅಭಿಪ್ರಾಯ. ಅದನ್ನು ತಮ್ಮ ಪತ್ರಿಕೆಯ ಮೂಲಕ ಜಿಲ್ಲೆಯ ಜನರ ಮುಂದೆಯೂ ಸರ್ಕಾರದ ಮುಂದೆಯೂ ಇಡಲು ಅವಕಾಶ ಕೋರುತ್ತೇನೆ.

ನಾನು ಕೊನೆಯ ಒಂಬತ್ತು ವರ್ಷ ಕೆಲಸ ಮಾಡಿದ ಕೇಂದ್ರದಲ್ಲಿ ಹೊರರೋಗಿಗಳ ದಾಖಲೆ ಪುಸ್ತಕವೊಂದಿತ್ತು. ನಾವೆಲ್ಲ ಅದನ್ನು ಓ.ಪಿ. ಪುಸ್ತಕ ಎನ್ನುತ್ತಿದ್ದೆವು. ನಿವೃತ್ತಿಗೆ ಮೊದಲು ಅಧಿಕಾರ ವಹಿಸಿಕೊಡುವಾಗ ಹಳೆಯ ಪುಸ್ತಕಗಳನ್ನು ಒಂದೊಂದಾಗಿ ತೆರೆದು ಧೂಳು ಒರೆಸುತ್ತಿದ್ದಾಗ, ಅಕ್ಷರದ ಚಹರೆ ಬದಲಾಗುತ್ತ ಹೋಗುವುದು ಕಣ್ಣಿಗೆ ಬಿತ್ತು. ಎಂಟು ತಿಂಗಳು ಒಂದು ಬರಹ, ಆರು ತಿಂಗಳು ಇನ್ನೊಂದು, ಹನ್ನೊಂದು ತಿಂಗಳು ಮತ್ತೊಂದು. ಎಣಿಸಿದರೆ ಒಂಬತ್ತು ವರ್ಷಗಳಲ್ಲಿ ಹನ್ನೊಂದು ವೈದ್ಯರ ಕೈಬರಹ. ನಡುನಡುವೆ ಹಲವು ವಾರಗಳ ಪುಟಗಳಲ್ಲಿ ಇದ್ದದ್ದು ನನ್ನದೇ ಬರಹ. ಆ ವಾರಗಳಲ್ಲಿ ಪಕ್ಕದ ಕೇಂದ್ರದ ವೈದ್ಯರು ನಮ್ಮಲ್ಲಿ 'ಪ್ರಭಾರ' ಇದ್ದರು, ವಾರಕ್ಕೆ ಎರಡು ದಿನ ಬರುತ್ತಿದ್ದರು, ಉಳಿದ ದಿನ ಬಂದವರಿಗೆ ನಾವು ಜ್ವರದ ಮಾತ್ರೆ ಕೊಟ್ಟು, ಗಾಯಕ್ಕೆ ಪಟ್ಟಿ ಕಟ್ಟಿ, ದೊಡ್ಡ ಕಾಯಿಲೆ ಎನ್ನಿಸಿದರೆ ಚೀಟಿ ಬರೆದು ಮಡಿಕೇರಿಗೋ ಮೈಸೂರಿಗೋ ಕಳುಹಿಸುತ್ತಿದ್ದೆವು. ಕೊಡಗಿಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಅದಕ್ಕಿಂತ ದೂರ, ನಡುವೆ ಸಂಪಾಜೆ ಘಾಟಿ. ಕರಿಕೆಯ ಜನ ಕಾಸರಗೋಡಿನ ಕಡೆಗೂ ಮಾಕುಟ್ಟದ ಜನ ಇರಿಟ್ಟಿ, ಕಣ್ಣೂರಿನ ಕಡೆಗೂ ಇಳಿದು ಆಸ್ಪತ್ರೆ ಸೇರುವುದು ನಮ್ಮ ಜಿಲ್ಲೆಯವರಿಗೆಲ್ಲ ತಿಳಿದ ಸಂಗತಿಯೇ.

ಈ ಕೊರತೆ ಸರ್ಕಾರಕ್ಕೆ ತಿಳಿಯದ್ದೇನೂ ಅಲ್ಲ. ವೈದ್ಯಕೀಯ ಪದವಿ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು ಕರ್ನಾಟಕ 2012ರಲ್ಲಿಯೇ ಕಾಯ್ದೆ ಮಾಡಿತು. ಆಮೇಲೆ ಅದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು, ತಿದ್ದುಪಡಿಯನ್ನೂ ಕಂಡಿತು. ಆ ಕಾಯ್ದೆಯ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ, ಅದರಡಿ ಬಂದ ಹುಡುಗ ಹುಡುಗಿಯರಲ್ಲಿ ಬಹುಪಾಲು ಮಂದಿ ಮನಸ್ಸಿಟ್ಟು ಕೆಲಸ ಮಾಡಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಆದರೆ ಬಂದ ದಿನದಿಂದಲೇ ಹೊರಡುವ ದಿನ ಗೊತ್ತಿರುವ ವೈದ್ಯರಿಗೂ ಅವರನ್ನು ನಂಬಬೇಕಾದ ಊರಿಗೂ ನಡುವೆ ಕಟ್ಟಿಕೊಳ್ಳಬೇಕಾದ ಸಂಬಂಧಕ್ಕೆ ಒಂದು ವರ್ಷ ಸಾಲದು. ಅವರು ಊರಿನ ಓಣಿಗಳನ್ನು, ಕುಟುಂಬಗಳನ್ನು, ಯಾವ ಕಾಯಿಲೆ ಯಾವ ತಿಂಗಳು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಳ್ಳುವ ಹೊತ್ತಿಗೆ ಬಿಡುಗಡೆ ಆದೇಶ ಬಂದಿರುತ್ತದೆ.

ಇದು ಬರಿಯ ಭಾವನೆಯ ಮಾತಲ್ಲ ಎಂದು ತೋರಿಸಲು ಒಂದು ಉದಾಹರಣೆ ಕೊಡುತ್ತೇನೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ, ಮತ್ತೆ ಮಳೆಗಾಲದ ಕಳೆ ತೆಗೆಯುವ ಕೆಲಸದಲ್ಲಿ, ತೋಟದ ಕಾರ್ಮಿಕರಿಗೆ ಹಾವು ಕಚ್ಚುವುದು ಸಾಮಾನ್ಯ. ಕಚ್ಚಿಸಿಕೊಂಡವರನ್ನು ಜೀಪಿನಲ್ಲಿ ಕರೆತರುವಾಗ ಹೊಡೆದ ಹಾವನ್ನೂ ಗೊಬ್ಬರದ ಚೀಲದಲ್ಲಿ ಸುತ್ತಿ ತರುವವರಿದ್ದಾರೆ. ನಮ್ಮ ಕೇಂದ್ರಗಳಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು. ಆದರೆ ಪಶ್ಚಿಮ ಘಟ್ಟದ ತೋಟಗಳಲ್ಲಿ, ಕಾಫಿ ಗಿಡದ ಕೊಂಬೆಯ ಮೇಲೂ ಉದುರಿದ ಎಲೆಯ ಅಡಿಯಲ್ಲೂ ಇರುವ ಮಲಬಾರ್ ಪಿಟ್ ವೈಪರ್, ಮೂಗು ಮೇಲೆದ್ದ ಹಂಪ್ ನೋಸ್ಡ್ ಪಿಟ್ ವೈಪರ್ ಈ ನಾಲ್ಕರಲ್ಲಿ ಸೇರಿಲ್ಲ. ಅವು ಕಚ್ಚಿದಾಗ ಆ ಚುಚ್ಚುಮದ್ದಿನಿಂದ ಪ್ರಯೋಜನವಿಲ್ಲ, ಮೇಲಾಗಿ ಅದರಿಂದಲೇ ತೀವ್ರ ಅಲರ್ಜಿ ಆಗುವ ಅಪಾಯವಿದೆ. ರೋಗಿಯನ್ನು ಗಮನಿಸುತ್ತ, ರಕ್ತ ಹೆಪ್ಪುಗಟ್ಟುವುದನ್ನು ಮತ್ತೆ ಮತ್ತೆ ಪರೀಕ್ಷಿಸುತ್ತ, ಮೂತ್ರದ ಪ್ರಮಾಣ ನೋಡುತ್ತ, ರಕ್ತ ಹೆಪ್ಪುಗಟ್ಟದಿದ್ದರೆ ಅಥವಾ ಮೂತ್ರಪಿಂಡಕ್ಕೆ ತೊಂದರೆ ಕಂಡರೆ ತಡಮಾಡದೆ ಮುಂದೆ ಕಳುಹಿಸಬೇಕು. ಚೀಲ ಬಿಡಿಸಿ ಹಾವನ್ನು ನೋಡಿದ ಕ್ಷಣದಲ್ಲಿ ಈ ತೀರ್ಮಾನ ತೆಗೆದುಕೊಳ್ಳುವ ಧೈರ್ಯ ನಮ್ಮಲ್ಲಿ ಎರಡು ಕೊಯ್ಲು, ಎರಡು ಮಳೆಗಾಲ ಕಂಡ ವೈದ್ಯರಿಗೆ ಇತ್ತು. ಅವರು ಹೋದ ಮೇಲೆ ಬಂದವರು ಅದನ್ನು ಮೊದಲಿನಿಂದ ಕಲಿಯಬೇಕಾಯಿತು, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಬುಡಕಟ್ಟು ಜನರ ವಸತಿಗಳಾದ ಹಾಡಿಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ತಿತಿಮತಿ, ಬಾಳೆಲೆ, ಕುಟ್ಟದ ಸುತ್ತ ನಾಗರಹೊಳೆ ಕಾಡಂಚಿನಲ್ಲಿ ಯರವ, ಜೇನುಕುರುಬ, ಬೆಟ್ಟಕುರುಬ ಕುಟುಂಬಗಳು ಇವೆ. ಅಲ್ಲಿನ ಹೆಂಗಸರು ಮೊದಲ ಭೇಟಿಯಲ್ಲಿ ವೈದ್ಯರ ಮುಖ ನೋಡಿ ಮಾತಾಡುವುದೇ ಇಲ್ಲ. ಏನು ನೋವೆಂದು ಕೇಳಿದರೆ ನೆಲ ನೋಡಿ, "ಏನಿಲ್ಲ ನರ್ಸಮ್ಮ" ಎಂದು ನನಗೇ ಉತ್ತರ ಕೊಡುತ್ತಾರೆ. ಬುಡಕಟ್ಟು ಸಮುದಾಯಗಳಲ್ಲಿ ಹೆಚ್ಚಾಗಿ ಕಾಣುವ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತಹೀನತೆಯನ್ನು 2047ರೊಳಗೆ ನಿವಾರಿಸಬೇಕೆಂದು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ರಾಷ್ಟ್ರೀಯ ಅಭಿಯಾನವನ್ನೇ ಆರಂಭಿಸಿದೆ. ರಕ್ತದ ಹನಿ ತೆಗೆದು ಪರೀಕ್ಷೆ ಮಾಡಿ ಕಾರ್ಡು ಕೊಡುವುದು ಒಂದು ದಿನದ ಶಿಬಿರದಲ್ಲಿ ಮುಗಿಯುವ ಕೆಲಸ. ಆದರೆ ರೋಗ ಇದೆ ಎಂದು ಗೊತ್ತಾದ ಮಗುವಿಗೆ ಹೈಡ್ರಾಕ್ಸಿಯೂರಿಯಾ ಮಾತ್ರೆ ಶುರುಮಾಡಿದರೆ, ಪ್ರಮಾಣ ಸರಿಯಿದೆಯೇ ಎಂದು ಆಗಾಗ ರಕ್ತಪರೀಕ್ಷೆ ಮಾಡುತ್ತ ವರ್ಷಗಟ್ಟಲೆ ನೋಡಿಕೊಳ್ಳಬೇಕಾಗುತ್ತದೆ. ಆರು ತಿಂಗಳಿಗೊಮ್ಮೆ ವೈದ್ಯರು ಬದಲಾದರೆ ಆ ತಾಯಿ ಪ್ರತಿ ಸಲವೂ ಮಗುವಿನ ಕತೆಯನ್ನು ಹೊಸಬರ ಮುಂದೆ ಹೊಸದಾಗಿ ಹೇಳಬೇಕು. ಅವಳು ಹೇಳುವುದಿಲ್ಲ. ಮೂರನೆಯ ಸಲಕ್ಕೆ ಬರುವುದನ್ನೇ ಬಿಡುತ್ತಾಳೆ.

ಈಗ ಸಾಲದ ವಿಷಯಕ್ಕೆ ಬರುತ್ತೇನೆ. ನಮ್ಮ ಕೇಂದ್ರಕ್ಕೆ ಬಂದ ಹನ್ನೊಂದು ಮಂದಿಯಲ್ಲಿ ಬಯಲುಸೀಮೆಯ ಒಬ್ಬ ಹುಡುಗಿ ಇದ್ದಳು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು, ಆದರೆ ಕೆಲಸದ ಹೊತ್ತಿನಲ್ಲಿ ನನಗೆ ಮೇಡಂ. ಕಕ್ಕಡ ತಿಂಗಳ ಮಳೆಯಲ್ಲಿ ಲಕ್ಷ್ಮಣತೀರ್ಥ ತುಂಬಿ ರಸ್ತೆ ಬಂದಾದ ಒಂದು ರಾತ್ರಿ, ಹೆರಿಗೆಗೆ ಬಂದಿದ್ದ ತೋಟದ ಲೈನ್ ಮನೆಯ ಹೆಂಗಸನ್ನು ಮುಂದಕ್ಕೆ ಕಳುಹಿಸಲು ಆಗಲಿಲ್ಲ. ಕರೆಂಟಿರಲಿಲ್ಲ, ಯುಪಿಎಸ್ ಕೂಡ ಹತ್ತು ಗಂಟೆಗೇ ಆರಿಹೋಗಿತ್ತು. ಚಾಲಕ ಹಿಡಿದ ಟಾರ್ಚಿನ ಬೆಳಕಿನಲ್ಲಿ ಆ ಹುಡುಗಿ, ಕೈ ನಡುಗಿದರೂ ದನಿ ನಡುಗದೆ, ಹೆರಿಗೆ ಮಾಡಿಸಿದಳು. ಹೆರಿಗೆಯ ನಂತರ ರಕ್ತ ನಿಲ್ಲದಿದ್ದಾಗ ಗರ್ಭಕೋಶವನ್ನು ಕೈಯಿಂದ ಒತ್ತುತ್ತ ಮುಕ್ಕಾಲು ಗಂಟೆ ಕುಳಿತಿದ್ದಳು. ತಾಯಿ, ಮಗು ಇಬ್ಬರೂ ಉಳಿದರು. ಬೆಳಗಿನ ಜಾವ ಸೀಮೆಎಣ್ಣೆ ಸ್ಟೌವಿನ ಮೇಲೆ ಕಾಫಿ ಕಾಯಿಸಿ ಕೊಟ್ಟಾಗ ಅವಳ ಫೋನಿಗೆ ಒಂದು ಸಂದೇಶ ಬಂತು. ಬ್ಯಾಂಕಿನದು, ಆ ತಿಂಗಳ ಕಂತು ಬಾಕಿ ಎಂದು. ಅದನ್ನು ನೋಡಿದ ಮೇಲೆ ಅವಳು ನನಗೆ ಹೇಳಿದ ಮಾತು ಇಂದಿಗೂ ನೆನಪಿದೆ: "ಸಿಸ್ಟರ್, ನನಗೆ ಇಲ್ಲೇ ಇರೋಕೆ ಇಷ್ಟ. ಆದರೆ ಅಪ್ಪ ಮನೆ ಅಡವಿಟ್ಟು ಓದಿಸಿದ್ದಾರೆ. ನಾನಿಲ್ಲಿ ಕೂತರೆ ಆ ಮನೆ ಬಿಡಿಸೋದು ಯಾವಾಗ?" ಮುಂದಿನ ಮಾರ್ಚ್‌ನಲ್ಲಿ ಅವಳು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆ ಸೇರಿದಳು. ಅವಳನ್ನು ದೂರಲು ನನ್ನಲ್ಲಿ ಒಂದು ಮಾತೂ ಇರಲಿಲ್ಲ.

ಅವಳ ಲೆಕ್ಕವನ್ನು ಯಾರು ಬೇಕಾದರೂ ಹಾಕಿ ನೋಡಬಹುದು. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಸರ್ಕಾರಿ ಕಾಲೇಜಿನ ಸೀಟು ಸಿಕ್ಕವರ ಶುಲ್ಕ ಹೊರಬಹುದಾದದ್ದು. ಆದರೆ ಖಾಸಗಿ ಕಾಲೇಜಿನ ಖಾಸಗಿ ಕೋಟಾದಲ್ಲಿ ವರ್ಷದ ಶುಲ್ಕವೇ ಹತ್ತು ಲಕ್ಷ ಮೀರುತ್ತದೆ. ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷ ಬ್ಯಾಂಕ್ ಕಂತು ಕೇಳುವುದಿಲ್ಲವಾದರೂ ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಉಳಿದದ್ದೆಲ್ಲ ಬಿಟ್ಟು ₹30 ಲಕ್ಷ ಸಾಲ, ಶೇ 10ರ ಬಡ್ಡಿ, ಹತ್ತು ವರ್ಷದ ಅವಧಿ ಎಂದು ಇಟ್ಟುಕೊಂಡರೂ ತಿಂಗಳ ಕಂತು ಸುಮಾರು ₹39,600 ಆಗುತ್ತದೆ. ನಮ್ಮ ರಾಜ್ಯದಲ್ಲಿ ಗುತ್ತಿಗೆ ವೈದ್ಯರ ಸಂಬಳ ₹45,000ದಿಂದ ₹60,000ಕ್ಕೆ ಏರಿದ್ದು 2020ರಲ್ಲಿ, ಅದೂ ಅವರು ಪ್ರತಿಭಟನೆಯ ಮಾತೆತ್ತಿದ ಮೇಲೆ. ಅರವತ್ತು ಸಾವಿರದಲ್ಲಿ ಸುಮಾರು ನಲವತ್ತು ಸಾವಿರ ಬ್ಯಾಂಕಿಗೆ ಕಟ್ಟಿ, ಉಳಿದದ್ದರಲ್ಲಿ ಬದುಕಿ, ಮನೆಗೂ ಕಳುಹಿಸಿ, ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೂ ಓದಬೇಕಾದ ಇಪ್ಪತ್ತೈದು ವರ್ಷದವರಿಗೆ ಹಳ್ಳಿಯ ಮೇಲೆ ಪ್ರೀತಿ ಇಲ್ಲ ಎಂದು ಭಾಷಣ ಮಾಡುವುದು ಸರಿಯಲ್ಲ.

ಕಡ್ಡಾಯ ಸೇವೆಯ ಕಾಯ್ದೆಯ ಜೊತೆಗೆ ದಂಡವೂ ಇದೆ. ದಂಡ ಎಂಬುದು ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ಹಣವಂತರ ಮಕ್ಕಳು ಅದನ್ನು ಕಟ್ಟಿ ಹೋಗಬಲ್ಲರು, ಕಟ್ಟಲಾಗದವರು ಮಾತ್ರ ಉಳಿಯುತ್ತಾರೆ. ಸಾಲ ತೀರಿಸಿಕೊಡುವ ಯೋಜನೆ ಇದನ್ನು ತಿರುವುಮುರುವು ಮಾಡುತ್ತದೆ. ಇಲ್ಲಿ ಸಾಲದ ಭಾರ ಹೊತ್ತವರೇ ತಾವಾಗಿ ಮುಂದೆ ಬರುತ್ತಾರೆ, ತಾವೇ ಆರಿಸಿಕೊಂಡ ಊರಿನಲ್ಲಿ, ಪ್ರತಿ ವರ್ಷವೂ ಭಾರ ಇಳಿಯುವುದನ್ನು ಕಾಣುತ್ತ ಇರುತ್ತಾರೆ. ಇನ್ನೊಂದು ಮುಖ್ಯ ವ್ಯತ್ಯಾಸವೂ ಇದೆ. ಹದಿನೆಂಟನೆಯ ವಯಸ್ಸಿನಲ್ಲಿ ಕಾಲೇಜು ಸೇರುವಾಗ ಬರೆಸಿಕೊಂಡ, ಮುಂದೆ ಸೇವೆ ಮಾಡುತ್ತೇನೆಂಬ ಬಾಂಡಿಗೆ ಆ ಮಗುವಿನ ಒಪ್ಪಿಗೆ ಎಷ್ಟರಮಟ್ಟಿನದು ಎಂಬುದು ನಮಗೆಲ್ಲ ಗೊತ್ತು. ಓದು ಮುಗಿಸಿ, ಇಂಟರ್ನ್‌ಶಿಪ್ ಮಾಡಿ, ತನ್ನ ಸ್ವಭಾವ ತನಗೆ ತಿಳಿದ ಮೇಲೆ "ನಾನು ಹಳ್ಳಿಯಲ್ಲಿ ಇರುತ್ತೇನೆ" ಎನ್ನುವವರ ಮಾತಿನ ತೂಕವೇ ಬೇರೆ.

ಬೇರೆ ದೇಶಗಳು ಇದನ್ನು ಬಹಳ ಕಾಲದಿಂದ ಮಾಡುತ್ತಿವೆ. ಅಮೆರಿಕದಲ್ಲಿ 1970ರ ಕಾಯ್ದೆಯಿಂದ ಹುಟ್ಟಿದ ನ್ಯಾಷನಲ್ ಹೆಲ್ತ್ ಸರ್ವೀಸ್ ಕೋರ್ ಎಂಬ ವ್ಯವಸ್ಥೆ, ವೈದ್ಯರ ಕೊರತೆ ಇರುವ ಪ್ರದೇಶದಲ್ಲಿ ಕನಿಷ್ಠ ಎರಡು ವರ್ಷ ಕೆಲಸ ಮಾಡಲು ಒಪ್ಪಿದವರ ಶಿಕ್ಷಣ ಸಾಲಕ್ಕೆ ಹಣ ಕೊಡುತ್ತದೆ. ಯಾವ ಪ್ರದೇಶದಲ್ಲಿ ಕೊರತೆ ಎಷ್ಟು ಎಂಬುದನ್ನು ಅಲ್ಲಿ 0ಯಿಂದ 25ರವರೆಗೆ ಅಂಕ ಕೊಟ್ಟು ಅಳೆಯುತ್ತಾರೆ, ಹೆಚ್ಚು ಅಂಕದ ಊರಿಗೆ ಮೊದಲ ಆದ್ಯತೆ. ಕೆನಡಾದಲ್ಲಿ 2013ರಿಂದ ಹಳ್ಳಿಗಾಡಿನ ಕುಟುಂಬ ವೈದ್ಯರ ಜೊತೆಗೆ ದಾದಿಯರ ಸಾಲವನ್ನೂ ಐದು ವರ್ಷದವರೆಗೆ ವರ್ಷವರ್ಷ ಕಳೆಯುತ್ತ ಬಂದಿದ್ದಾರೆ. ನನಗೆ ಇವೆಲ್ಲಕ್ಕಿಂತ ಹತ್ತಿರವೆನಿಸಿದ್ದು ಜಪಾನಿನ ಪದ್ಧತಿ. ಅಲ್ಲಿನ ಪ್ರಾಂತ್ಯಗಳೆಲ್ಲ ಸೇರಿ 1972ರಲ್ಲಿ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯವನ್ನು ಕಟ್ಟಿದವು. ಪ್ರತಿ ಪ್ರಾಂತ್ಯದಿಂದ ಪ್ರತಿ ವರ್ಷ ಎರಡು ಮೂರು ಮಕ್ಕಳನ್ನು ಆರಿಸಿ, ಆರು ವರ್ಷದ ಓದಿನ ಖರ್ಚನ್ನು ಸಾಲವಾಗಿ ಕೊಟ್ಟು, ಓದಿದವರು ತಮ್ಮದೇ ಪ್ರಾಂತ್ಯಕ್ಕೆ ಮರಳಿ ಓದಿದ್ದರ ಒಂದೂವರೆ ಪಟ್ಟು, ಅಂದರೆ ಒಂಬತ್ತು ವರ್ಷ, ಸೇವೆ ಸಲ್ಲಿಸಿದರೆ ಆ ಸಾಲವನ್ನು ಪೂರ್ತಿ ಬಿಡುತ್ತಾರೆ. ಬೆಟ್ಟ, ದ್ವೀಪ, ಹಿಮ ಬೀಳುವ ಹಳ್ಳಿಗಳಿಗೆಲ್ಲ ಈ ದಾರಿಯಿಂದ ವೈದ್ಯರು ಹೋಗಿದ್ದಾರೆ. ಹಳ್ಳಿಯ ಹಿನ್ನೆಲೆಯ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುವುದು, ಸೇವೆಯ ಷರತ್ತಿನ ಮೇಲೆ ವಿದ್ಯಾರ್ಥಿವೇತನ ಅಥವಾ ಸಾಲದ ನೆರವು ಕೊಡುವುದು, ಇವೆರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರಡಿಸಿದ ಶಿಫಾರಸುಗಳಲ್ಲಿಯೂ ಸೇರಿಸಿದೆ.

ಅಷ್ಟು ದೂರ ಹೋಗುವುದೂ ಬೇಡ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರನ್ನು ಕೊಟ್ಟ ಈ ಜಿಲ್ಲೆಯಲ್ಲಿ ಸೈನ್ಯದ ನಂಟಿಲ್ಲದ ಮನೆ ಕಡಿಮೆ. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಓದುವವರಿಗೆ ಸರ್ಕಾರ ಓದಿನ ಖರ್ಚು ಭರಿಸಿ, ಬದಲಿಗೆ ಸೇನೆಯ ವೈದ್ಯಕೀಯ ದಳದಲ್ಲಿ ಸೇವೆಯನ್ನು ಕೇಳುತ್ತದೆ ಎಂಬುದು ನಮ್ಮವರಿಗೆ ಹೊಸ ಸುದ್ದಿಯಲ್ಲ. ಗಡಿಯ ಸೈನಿಕನಿಗೆ ವೈದ್ಯರು ಬೇಕೆಂದಾಗ ರಾಷ್ಟ್ರ ಈ ಒಪ್ಪಂದ ಮಾಡಿಕೊಂಡಿತು. ಬಿರುನಾಣಿಯಲ್ಲೋ ಸೂರ್ಲಬ್ಬಿಯಲ್ಲೋ ಇರುವ ಆ ಸೈನಿಕನ ತಾಯಿಗೂ ಅದೇ ಒಪ್ಪಂದ ಸಲ್ಲಬೇಕು.

ನಾನು ಕೇಳುತ್ತಿರುವ ಯೋಜನೆಯ ರೂಪ ಹೀಗಿರಬಹುದು. ದುರ್ಗಮ ಕೇಂದ್ರದಲ್ಲಿ ಐದು ವರ್ಷ ಇರಲು ಒಪ್ಪಿದ ವೈದ್ಯರ ಸಾಲವನ್ನು, ಬೆಳೆದ ಬಡ್ಡಿಯೂ ಸೇರಿ ₹30 ಲಕ್ಷದ ಮಿತಿಯಲ್ಲಿ, ಸರ್ಕಾರ ನೇರವಾಗಿ ಬ್ಯಾಂಕಿಗೆ ಕಟ್ಟಬೇಕು. ಮೊದಲ ವರ್ಷ ಮುಗಿದಾಗ ಸಾಲದ ಶೇ 10, ಎರಡನೆಯದು ಮುಗಿದಾಗ ಶೇ 15, ಆಮೇಲೆ ಕ್ರಮವಾಗಿ 20, 25, ಕೊನೆಗೆ 30, ಒಟ್ಟು ನೂರು. ಆ ಅವಧಿಯ ಬಡ್ಡಿಯೂ ಸರ್ಕಾರದ್ದೇ. ಹಿಂದಿನ ವರ್ಷಕ್ಕಿಂತ ಮುಂದಿನ ವರ್ಷದ ಪಾಲು ಹೆಚ್ಚಿರಬೇಕು ಎಂಬುದಕ್ಕೆ ಕಾರಣವಿದೆ. ಊರಿಗೆ ಹೆಚ್ಚು ಉಪಯುಕ್ತರಾಗುವುದು ವೈದ್ಯರು ಮೂರು, ನಾಲ್ಕು, ಐದನೆಯ ವರ್ಷದಲ್ಲಿ, ಹೋಗುವ ಮನಸ್ಸಾಗುವುದೂ ಆಗಲೇ. ನಡುವೆ ಬಿಟ್ಟವರಿಂದ ದಂಡ ಕೇಳಬೇಕಾಗಿಲ್ಲ, ಆವರೆಗೆ ದುಡಿದದ್ದರ ಪಾಲು ಅವರಿಗೆ ಸಂದಿರಲಿ, ಮುಂದಿನದು ನಿಲ್ಲಲಿ. ಇಡೀ ಕೊಡಗಿನಲ್ಲಿ ಇಂತಹ ಇಪ್ಪತ್ತು ವೈದ್ಯರನ್ನು ಸೇರಿಸಿಕೊಂಡರೂ, ನಾನು ಪೆನ್ಸಿಲು ಹಿಡಿದು ಕೂಡಿಸಿದ ಪ್ರಕಾರ, ಅಸಲು, ಬಡ್ಡಿ ಎರಡೂ ಸೇರಿ ಯಾವ ವರ್ಷದ ಖರ್ಚೂ ಎರಡು ಕೋಟಿ ರೂಪಾಯಿ ಮೀರುವುದಿಲ್ಲ. ಸುಮಾರು ಐದೂವರೆ ಲಕ್ಷ ಜನರಿರುವ, ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆಗೆ ಇದು ದೊಡ್ಡ ಮೊತ್ತವಲ್ಲ.

ದುರ್ಗಮ ಎಂದರೆ ಯಾವುದು ಎಂಬುದನ್ನು ಮಾತ್ರ ಕಚೇರಿಯ ನಕ್ಷೆ ನೋಡಿ ತೀರ್ಮಾನಿಸಬಾರದು. ಮೈಸೂರು ಹೆದ್ದಾರಿಯ ಪಕ್ಕದ ಕೇಂದ್ರವೂ ಕಾಗದದಲ್ಲಿ ಗ್ರಾಮೀಣವೇ, ಭಾಗಮಂಡಲದಿಂದ ಕಾಡಿನ ರಸ್ತೆಯಲ್ಲಿ ಇಳಿದು ಹೋಗಬೇಕಾದ ಕರಿಕೆಯೂ ಗ್ರಾಮೀಣವೇ. ಎರಡಕ್ಕೂ ಒಂದೇ ಸೌಲಭ್ಯ ಕೊಟ್ಟರೆ ಬರುವವರೆಲ್ಲ ಹೆದ್ದಾರಿಯ ಪಕ್ಕವೇ ನಿಲ್ಲುತ್ತಾರೆ. ಜಿಲ್ಲಾಸ್ಪತ್ರೆಗೆ ಎಷ್ಟು ಗಂಟೆಯ ದಾರಿ, ಮಳೆಗಾಲದಲ್ಲಿ ಎಷ್ಟು ದಿನ ರಸ್ತೆ ಮುಚ್ಚುತ್ತದೆ, ಫೋನಿನ ಸಿಗ್ನಲ್ ಇದೆಯೇ, ಆನೆಯ ಕಾಟ ಎಷ್ಟು, ಕಳೆದ ಐದು ವರ್ಷಗಳಲ್ಲಿ ಆ ಹುದ್ದೆ ಎಷ್ಟು ತಿಂಗಳು ಖಾಲಿ ಬಿದ್ದಿತ್ತು ಎಂಬುದನ್ನು ನೋಡಿ ಅಂಕ ಕೊಡಬೇಕು. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಕ್ಕಂದೂರು, ಜೋಡುಪಾಲ ಭಾಗದ ಊರುಗಳು ಹೊರಜಗತ್ತಿನಿಂದ ಹೇಗೆ ಕಡಿದುಹೋದವೆಂದು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕಿಂತ ಮುಖ್ಯವಾದ ಷರತ್ತೊಂದಿದೆ, ಇಲಾಖೆಯಲ್ಲಿ ದುಡಿದವಳಾಗಿ ಅದನ್ನು ಒತ್ತಿ ಹೇಳುತ್ತೇನೆ. ಅದು ನಿಯೋಜನೆಯ ವಿಷಯ. ವೈದ್ಯರ ಹುದ್ದೆ ಹಳ್ಳಿಯ ಕೇಂದ್ರದ್ದು, ಸಂಬಳ ಅಲ್ಲಿಂದ, ಆದರೆ ಕೆಲಸ ಮಾತ್ರ ಪಟ್ಟಣದ ಆಸ್ಪತ್ರೆಯಲ್ಲಿ. ಇಂತಹ ಆದೇಶದಿಂದ ಕಾಗದದಲ್ಲಿ ಹುದ್ದೆ ಭರ್ತಿಯಾಗಿಯೇ ಇರುತ್ತದೆ, ಖಾಲಿ ಎಂದು ಬೇರೆಯವರನ್ನು ಕೇಳಲೂ ಬರುವುದಿಲ್ಲ. ಸಾಲದ ಕಂತು ಕಟ್ಟುವಾಗ ಆ ಕೇಂದ್ರದಲ್ಲಿ ನಿಜವಾಗಿ ಕುಳಿತು ರೋಗಿಗಳನ್ನು ನೋಡಿದ ದಿನಗಳನ್ನು ಮಾತ್ರ ಎಣಿಸಬೇಕು. ಈ ಯೋಜನೆಯಡಿ ಬಂದ ವೈದ್ಯರನ್ನು ಅವರ ಒಪ್ಪಿಗೆಯಿಲ್ಲದೆ ಬೇರೆಡೆಗೆ ನಿಯೋಜಿಸುವಂತಿಲ್ಲ ಎಂದು ಆದೇಶದಲ್ಲಿಯೇ ಬರೆಯಬೇಕು, ಇಲ್ಲವಾದರೆ ಮೇಲಿನವರ ಒಂದು ಆದೇಶದಿಂದ ವೈದ್ಯರೂ ಸೋಲುತ್ತಾರೆ, ಊರೂ ಸೋಲುತ್ತದೆ.

ಮಾತಿನ ನಡುವೆ ನಮ್ಮ ಕೆಲವು ಬೆಳೆಗಾರರು ಎತ್ತಿದ ಆಕ್ಷೇಪಕ್ಕೆ ಉತ್ತರಿಸಬೇಕು. ಮಳೆ, ಕಾಡಾನೆ, ಬೆಲೆ ಕುಸಿತ ಎಲ್ಲದರಿಂದ ಸೋತ ಬೆಳೆಗಾರರ ಸಾಲಕ್ಕೆ ಇಲ್ಲದ ಮನ್ನಾ ವೈದ್ಯರಿಗೆ ಏಕೆ ಎಂದು ಅವರು ಕೇಳುತ್ತಾರೆ. ಆ ನೋವು ನನ್ನದೂ ಹೌದು, ನಮಗೂ ಎರಡೂವರೆ ಎಕರೆ ರೋಬಸ್ಟಾ ತೋಟವಿದೆ. ಆದರೆ ಇಲ್ಲಿ ಯಾರ ಸಾಲವನ್ನೂ ಸುಮ್ಮನೆ ಬಿಟ್ಟುಕೊಡುತ್ತಿಲ್ಲ. ಮಾರುಕಟ್ಟೆಯಲ್ಲಿ ದುಬಾರಿ ಬೆಲೆಗೆ ಮಾರಬಹುದಾದ ದುಡಿಮೆಯನ್ನು ಐದು ವರ್ಷ ನಮ್ಮ ಊರಿಗೆ ಕೊಟ್ಟವರಿಗೆ ಆ ದುಡಿಮೆಯ ಬೆಲೆಯ ಒಂದು ಭಾಗವನ್ನು ಸಾಲದ ರೂಪದಲ್ಲಿ ಕೊಡುತ್ತಿದ್ದೇವೆ, ಅಷ್ಟೇ. ಮನ್ನಾ ಎಂಬ ಹೆಸರನ್ನೇ ಇಡಬಾರದು ಎಂದು ನನ್ನ ಸಲಹೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಕಷ್ಟಪಟ್ಟು ಸರ್ಕಾರಿ ಸೀಟು ಪಡೆದು ಸಾಲವಿಲ್ಲದೆ ಓದಿದ ಬಡವರ ಮಗುವಿಗೆ ಈ ಯೋಜನೆಯಲ್ಲಿ ಏನೂ ಸಿಗುವುದಿಲ್ಲವಲ್ಲ ಎಂಬುದು. ಅದು ನಿಜ. ಅಂತಹವರಿಗೆ ಸ್ನಾತಕೋತ್ತರ ಸೀಟಿನಲ್ಲಿ ಆದ್ಯತೆ ಕೊಡುವುದೇ ಹೆಚ್ಚಿನ ಆಕರ್ಷಣೆ. ಸೇವಾನಿರತ ವೈದ್ಯರಿಗೆ ಸ್ನಾತಕೋತ್ತರ ಸೀಟುಗಳನ್ನು ಮೀಸಲಿಡುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಆಗಸ್ಟ್‌ನಲ್ಲಿ ಹೇಳಿದೆ. ದುರ್ಗಮ ಕೇಂದ್ರದ ಐದು ವರ್ಷಕ್ಕೆ ಆ ಸೀಟುಗಳಲ್ಲಿ ಮೊದಲ ಹಕ್ಕು ಕೊಟ್ಟರೆ ಮುಂದೆ ಅವರೇ ತಜ್ಞರಾಗಿ ಮರಳಬಹುದು. ಶಸ್ತ್ರಚಿಕಿತ್ಸಕರು, ಪ್ರಸೂತಿ ತಜ್ಞರು, ಮಕ್ಕಳ ತಜ್ಞರು, ಫಿಜಿಷಿಯನ್ ತಜ್ಞರು ಇರಬೇಕಾದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ದೇಶದ ಮಟ್ಟದಲ್ಲಿ ತಜ್ಞರ ಕೊರತೆ ಸುಮಾರು ಶೇ 80ರಷ್ಟಿದೆ ಎಂಬುದು ಕೇಂದ್ರ ಸರ್ಕಾರದ್ದೇ ಅಂಕಿ ಅಂಶ.

ಹಣವೊಂದರಿಂದಲೇ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ನಮ್ಮ ಆ ಹುಡುಗಿ ಇದ್ದ ಕ್ವಾಟ್ರಸ್ಸಿನ ಅಡುಗೆಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಪಾತ್ರೆ ಇಟ್ಟು ಸೋರುವ ನೀರು ಹಿಡಿಯುತ್ತಿದ್ದಳು, ಗೋಡೆಯ ಬೂಸ್ಟು ಬಟ್ಟೆಗೂ ಪುಸ್ತಕಕ್ಕೂ ಹತ್ತುತ್ತಿತ್ತು, ರಾತ್ರಿ ಒಂಟಿಯಾಗಿ ಇರಬೇಕಾದ ಮನೆಯ ಹಿಂಬಾಗಿಲಿಗೆ ಚಿಲಕವಿರಲಿಲ್ಲ. ಸಾಲ ತೀರಿಸುವ ಸರ್ಕಾರ ಚಿಲಕವನ್ನೂ ಹಾಕಿಸಬೇಕು. ಹಾಗೆಯೇ ವೈದ್ಯರ ಜೊತೆ ರಾತ್ರಿಯಿಡೀ ನಿಲ್ಲುವ ಶುಶ್ರೂಷಾಧಿಕಾರಿಗಳು, ಪ್ರಯೋಗಾಲಯ ತಂತ್ರಜ್ಞರು ಕೂಡ ಸಾಲ ಮಾಡಿಯೇ ಓದಿದವರು. ಅವರ ಸಾಲ ಚಿಕ್ಕದು, ಸಂಬಳ ಇನ್ನೂ ಚಿಕ್ಕದು. ಕೆನಡಾದ ಮಾದರಿಯಲ್ಲಿ ಅವರನ್ನೂ ಈ ಯೋಜನೆಯಲ್ಲಿ ಸೇರಿಸಬೇಕು.

ಕೊಡಗಿಗೆ ಈಗ ತನ್ನದೇ ವೈದ್ಯಕೀಯ ಕಾಲೇಜಿದೆ. 2016ರಲ್ಲಿ ಮಡಿಕೇರಿಯಲ್ಲಿ ಆರಂಭವಾದ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ವರ್ಷಕ್ಕೆ 150 ವಿದ್ಯಾರ್ಥಿಗಳು ಸೇರುತ್ತಾರೆ. ರ‍್ಯಾಂಕಿನ ಮೇಲೆ ಬೇರೆ ಬೇರೆ ಜಿಲ್ಲೆಗಳಿಂದ ಬರುವ ಅವರು ಐದೂವರೆ ವರ್ಷ ನಮ್ಮ ಮಳೆಯನ್ನೂ ಜನರನ್ನೂ ನೋಡುತ್ತಾರೆ. ಅವರಲ್ಲಿ ವರ್ಷಕ್ಕೆ ನಾಲ್ಕು ಮಂದಿ ಈ ಬೆಟ್ಟಗಳಲ್ಲೇ ಉಳಿಯಲು ಮನಸ್ಸು ಮಾಡಿದರೆ ಐದು ವರ್ಷಕ್ಕೆ ಮೇಲೆ ಹೇಳಿದ ಇಪ್ಪತ್ತು ಮಂದಿ ಆಗುತ್ತಾರೆ. 2019ರಲ್ಲಿ ನಮ್ಮ ಯುವಜನರು ತುರ್ತು ಚಿಕಿತ್ಸೆಯ ಸುಸಜ್ಜಿತ ಆಸ್ಪತ್ರೆ ಬೇಕೆಂದು ಸಾಮಾಜಿಕ ಜಾಲತಾಣಗಳಲ್ಲಿ ಅಭಿಯಾನ ನಡೆಸಿದಾಗ ಇಡೀ ಜಿಲ್ಲೆ ಅವರ ಜೊತೆ ನಿಂತಿತು. ಆ ಬೇಡಿಕೆ ನ್ಯಾಯವಾದದ್ದು. ಆದರೆ ಕಟ್ಟಡಕ್ಕಾಗಿ ಕೇಳಿದಷ್ಟೇ ಗಟ್ಟಿಯಾಗಿ, ಅದರೊಳಗಿನ ಕುರ್ಚಿಯಲ್ಲಿ ಕೂರುವವರಿಗಾಗಿಯೂ ನಾವು ಕೇಳಬೇಕಿದೆ.

ಆದ್ದರಿಂದ ಮಡಿಕೇರಿ, ವಿರಾಜಪೇಟೆ ಎರಡೂ ಕ್ಷೇತ್ರಗಳ ಶಾಸಕರಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ಆಯವ್ಯಯಕ್ಕೆ ಮೊದಲು ಕೊಡಗನ್ನು ಪ್ರಾಯೋಗಿಕ ಜಿಲ್ಲೆಯಾಗಿ ಆರಿಸಿ ಈ ಯೋಜನೆಗೆ ಎರಡು ಕೋಟಿ ರೂಪಾಯಿ ಇಡುವಂತೆ ಮುಖ್ಯಮಂತ್ರಿಗಳನ್ನೂ ಆರೋಗ್ಯ ಸಚಿವರನ್ನೂ ಒತ್ತಾಯಿಸಬೇಕು. ಸಂಪಾದಕರಾದ ತಮ್ಮಲ್ಲಿಯೂ ಒಂದು ಕೋರಿಕೆ ಇದೆ. ಜಿಲ್ಲೆಯ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ತಿಂಗಳು ನಿಜವಾಗಿ ಕುಳಿತು ರೋಗಿಗಳನ್ನು ನೋಡಿದ ವೈದ್ಯರು ಇದ್ದಾರೆಯೇ, ಪ್ರಭಾರವೇ, ನಿಯೋಜನೆಯೇ, ಖಾಲಿಯೇ ಎಂಬ ಪಟ್ಟಿಯನ್ನು ತಿಂಗಳಿಗೊಮ್ಮೆ ಪ್ರಕಟಿಸುವ ವ್ಯವಸ್ಥೆ ಮಾಡಿದರೆ ದೊಡ್ಡ ಉಪಕಾರವಾಗುತ್ತದೆ. ನಾನು ಕೆಲಸ ಮಾಡಿದ ಕೇಂದ್ರದ ಮಾಹಿತಿಯನ್ನು ಪ್ರತಿ ತಿಂಗಳ ಒಂದನೆಯ ತಾರೀಖಿಗೆ ಹೋಗಿ ನೋಡಿ ಬರೆದು ಕಳುಹಿಸುವ ಹೊಣೆಯನ್ನು ನಾನೇ ಹೊರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಮಹಿಳಾ ಆರೋಗ್ಯ ಸಹಾಯಕಿ,
ಪೊನ್ನಂಪೇಟೆ ತಾಲ್ಲೂಕು, ಕೊಡಗು